ಆಟದಲ್ಲಿ ಮೈಮರೆಯುವುದು ಏಕೆ?

(ಜ್ಞಾನಭಾರತಿಯಲ್ಲಿ ವಿದ್ಯಾರ್ಥಿಗಳು ಮತ್ತು ಪೋಷಕರ ಎದುರು ಮಾಡಿದ ಭಾಷಣ)



ವಿಡಿಯೊ ಗೇಮ್ ಆಡುವ ಮಗನಿಗೆ ಊಟಕ್ಕೆ ಕರೆದದ್ದು ಕೇಳಿಸುವುದಿಲ್ಲ. ಪರದೆಯ ಚಿತ್ರಗಳು ನಿಜದಂತೆ ಕಾಣುವುದೇ ಇದಕ್ಕೆ ಕಾರಣ ಎಂದು ಹಲವರ ನಂಬಿಕೆ. ಆದರೆ 1984ರಲ್ಲಿ ಮಾಸ್ಕೋದ ಅಲೆಕ್ಸಿ ಪಜಿತ್ನೋವ್ ರೂಪಿಸಿದ ಟೆಟ್ರಿಸ್‌ನಲ್ಲಿ ಇದ್ದದ್ದು ಮೇಲಿನಿಂದ ಬೀಳುವ ಚೌಕಗಳ ತುಂಡುಗಳು ಮಾತ್ರ. ಜಗತ್ತೇ ಅದಕ್ಕೆ ಮನಸೋತಿತು.

ನಮ್ಮ ಚೌಕಾಬಾರವನ್ನೇ ನೋಡಿ. ನೆಲದ ಮೇಲೆ ಗೀಚಿದ 25 ಮನೆಗಳು, ನಾಲ್ಕು ಕವಡೆ, ಅಷ್ಟೇ. ಆಡುವವರಿಗೆ ಒಲೆಯ ಮೇಲಿನ ಹಾಲು ಉಕ್ಕಿದ್ದೂ ತಿಳಿಯದು. ಆದರೆ ಎಲ್ಲರ ಖುಷಿಯೂ ಒಂದೇ ಬಗೆಯದಲ್ಲ. ಒಬ್ಬರಿಗೆ ತಮ್ಮ ಕಾಯಿ ಹಣ್ಣಾಗಬೇಕು. ಇನ್ನೊಬ್ಬರಿಗೆ ಎದುರಾಳಿಯ ಕಾಯಿ ಹೊಡೆದರೇ ತೃಪ್ತಿ. ಅಜ್ಜಿಗೆ ಮೊಮ್ಮಕ್ಕಳ ಜೊತೆಗಿನ ಹರಟೆ ಸಾಕು. ನಾಲ್ಕನೆಯ ಬಗೆಯವರೂ ಉಂಟು: ಆಟದ ಒಳಗುಟ್ಟನ್ನು ಶೋಧಿಸುವವರು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಅಂಥವರು. ಚದುರಂಗದ 64 ಮನೆಗಳಲ್ಲಿ ಪ್ರತಿಯೊಂದಕ್ಕೂ ಒಮ್ಮೆ ಮಾತ್ರ ಕುದುರೆ ಕಾಲಿಡುವ ದಾರಿಯನ್ನು ಅವರು ಹುಡುಕಿದರು. ಅದಕ್ಕೆ ಎದುರಾಳಿಯೇ ಬೇಕಿಲ್ಲ.

ಇಂಗ್ಲೆಂಡಿನ ರಿಚರ್ಡ್ ಬಾರ್ಟಲ್ 1996ರಲ್ಲಿ ಹೇಳಿದ್ದೂ ಬಹುಮಟ್ಟಿಗೆ ಇದನ್ನೇ. ಅವರು ರಾಯ್ ಟ್ರಬ್‌ಶಾ ಜೊತೆ ಕಟ್ಟಿದ 'ಮಡ್' ಎಂಬ ಕಂಪ್ಯೂಟರ್ ಆಟದಲ್ಲಿ ಚಿತ್ರಗಳೇ ಇರಲಿಲ್ಲ, ಬರೀ ಅಕ್ಷರಗಳು. ಇಂಥ ಆಟಗಳಿಗೆ ಬರುವವರನ್ನು ಅವರು ಸಾಧಕರು, ಶೋಧಕರು, ಸ್ನೇಹಜೀವಿಗಳು, ಕಾಳಗಪ್ರಿಯರು ಎಂದು ವಿಂಗಡಿಸಿದರು. ತಾನು ಬಯಸಿದ್ದು ಸಿಕ್ಕಲ್ಲಿ ಆಟಗಾರ ಮೈಮರೆಯುತ್ತಾನೆ. ಸಿಗದಿದ್ದರೆ ಎಷ್ಟೇ ಸೊಗಸಾದ ಚಿತ್ರವಿದ್ದರೂ ಆಕಳಿಸುತ್ತಾನೆ.

ಪೋಷಕರು ಇದನ್ನು ತಿಳಿಯಬೇಕಾದ ಅಗತ್ಯವೇನು? ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲಿ ತಂತ್ರಜ್ಞಾನದ ಅತಿಬಳಕೆಗಾಗಿಯೇ ಒಂದು ಚಿಕಿತ್ಸಾಲಯ ತೆರೆಯಿತು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸದಸ್ಯ ರಾಷ್ಟ್ರಗಳು ಒಪ್ಪಿದ ರೋಗಗಳ ಪಟ್ಟಿಯಲ್ಲಿ ಗೇಮಿಂಗ್ ವ್ಯಸನವೂ ಸೇರಿತು. ಆದರೆ ಮೈಮರೆತು ಆಡುವುದೆಲ್ಲ ರೋಗವಲ್ಲ. ಆಟದ ಮೇಲೆ ಹಿಡಿತ ತಪ್ಪಿ, ಬೇರೆಲ್ಲಕ್ಕಿಂತ ಅದೇ ಮುಖ್ಯವಾಗಿ, ಹಾನಿಯಾದರೂ ಬಿಡಲಾಗದ ಸ್ಥಿತಿ ಸಾಮಾನ್ಯವಾಗಿ 12 ತಿಂಗಳಾದರೂ ಮುಂದುವರಿದಿರಬೇಕು.

ಅಲ್ಲಿಗೆ ಮುಟ್ಟುವ ಮೊದಲೇ ನಾವು ಮಾಡಬಹುದಾದ ಕೆಲಸವೊಂದಿದೆ. ಗೆಳೆಯರಿಗಾಗಿ ಆಡುವ ಹುಡುಗನ ಕೈಯಿಂದ ಮೊಬೈಲ್ ಕಸಿದರೆ ಅವನಿಗೆ ಗೆಳೆಯರೇ ತಪ್ಪಿಹೋಗುತ್ತಾರೆ. ಗೆಲುವಿಗಾಗಿ ಆಡುವವಳಿಗೆ ಶಾಲೆಯಲ್ಲಿ ಗೆಲುವೇ ಸಿಗದಿರಬಹುದು. ಆದ್ದರಿಂದ ಗದರುವ ಮುನ್ನ ಪಕ್ಕದಲ್ಲಿ ಕೂತು, "ಇದರಲ್ಲಿ ನಿನಗೆ ಇಷ್ಟವಾದದ್ದು ಏನಪ್ಪಾ?" ಎಂದು ಕೇಳಿ. ಹೊತ್ತಿನ ಮಿತಿಯನ್ನು ಆಮೇಲೆ ಇಬ್ಬರೂ ಸೇರಿ ಗೊತ್ತುಮಾಡಿಕೊಳ್ಳಬಹುದು.