ದುಡಿಮೆಯ ಶಿಕ್ಷಣ, ದುಡ್ಡಿನ ಶಿಕ್ಷಣ

(ಸಂಘದ ವಾರ್ಷಿಕ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಈ ವೇದಿಕೆಯಲ್ಲಿ ಸಾಹಿತ್ಯ, ಯಕ್ಷಗಾನ, ಗಡಿಯ ಪ್ರಶ್ನೆಗಳನ್ನು ಕುರಿತು ಮಾತನಾಡುವುದು ವಾಡಿಕೆ. ನನ್ನನ್ನು ಆಹ್ವಾನಿಸಲು ಬಂದ ಕಾರ್ಯದರ್ಶಿಗಳಿಗೆ ನಾನು ಸಂಬಳದ ಚೀಟಿಯ ಬಗ್ಗೆ ಮಾತನಾಡುತ್ತೇನೆಂದು ಹೇಳಿದಾಗ ಅವರು ನಕ್ಕುಬಿಟ್ಟರು. ಆದರೆ ನಾನು ವಿನೋದಕ್ಕಾಗಿ ಹೇಳಿರಲಿಲ್ಲ. ನಮ್ಮಲ್ಲಿ ಬಹುಪಾಲು ಜನರ ಹಿರಿಯರು ಈ ಮುಂಬಯಿಗೆ ಬಂದದ್ದು ಹೊಟ್ಟೆಪಾಡಿಗಾಗಿ. ಸಂಘ, ಸಭೆ, ನಾಟಕಗಳೆಲ್ಲ ಆ ದುಡಿಮೆಯ ಬೆನ್ನ ಹಿಂದೆ ಬಂದವು. ಆದ್ದರಿಂದ ದುಡಿಯುವವನಿಗೆ ನಾವು ಏನನ್ನು ಕಲಿಸಿದೆವು, ಏನನ್ನು ಕಲಿಸದೆ ಬಿಟ್ಟೆವು ಎಂಬುದು ಸಂಸ್ಕೃತಿಯ ಪ್ರಶ್ನೆಯೂ ಹೌದು. ಕೇಂದ್ರ ಸರ್ಕಾರದ ಸೇವೆಯಲ್ಲಿ ನನ್ನ ಹೆಚ್ಚಿನ ವರ್ಷಗಳು ಕಾರ್ಮಿಕರ ಕಡತಗಳ ನಡುವೆಯೇ ಕಳೆದಿವೆ. ಆದರೆ ಇಂದು ಅಧಿಕಾರಿಯಾಗಿ ನಿಂತಿಲ್ಲ. ಈ ಸಂಘದ ಸದಸ್ಯನಾಗಿ, ನನ್ನದೇ ಒಂದು ತಪ್ಪನ್ನು ನಿಮ್ಮ ಮುಂದಿಡಲು ನಿಂತಿದ್ದೇನೆ.

ಮೊದಲು ನಮ್ಮ ಹೆಮ್ಮೆಯ ಸಂಗತಿಯನ್ನು ನೆನೆಯೋಣ. ಕರಾವಳಿಯ ಹಳ್ಳಿಗಳಿಂದ ಮೀಸೆ ಮೂಡದ ಹುಡುಗರು ಹಡಗು ಹತ್ತಿ, ಬಸ್ಸು ಹತ್ತಿ ಇಲ್ಲಿಗೆ ಬಂದರು. ಹಗಲಿಡೀ ಹೋಟೆಲಿನಲ್ಲಿ ಲೋಟ ತೊಳೆದು, ಮೇಜು ಒರೆಸಿ, ಸಂಜೆ ಕೋಟೆ ಪ್ರದೇಶದ ಕನ್ನಡ ರಾತ್ರಿ ಶಾಲೆಗಳಲ್ಲಿ ಕುಳಿತರು. ಮೊಗವೀರರು, ಬಿಲ್ಲವರು ಮೊದಲಾಗಿ ಅನೇಕ ಸಮಾಜಗಳ ಸಂಘಟನೆಗಳು ಇಂಥ ಶಾಲೆಗಳನ್ನು ಕಟ್ಟಿ ನಡೆಸಿದವು. ನನ್ನ ಸೋದರಮಾವನೊಬ್ಬನು ಹಾಗೆ ಓದಿದವನು. ಅವನ ಪಾಲಿಗೆ ಶಾಲೆಯೆಂದರೆ ಪರೀಕ್ಷೆಯ ಪಾಠವಷ್ಟೇ ಆಗಿರಲಿಲ್ಲ. ಮನಿಯಾರ್ಡರ್ ಫಾರಂ ತುಂಬುವುದು, ಧಣಿಯ ಬಳಿ ಉಳಿದ ಸಂಬಳದ ಲೆಕ್ಕ ಬರೆದಿಡುವುದು, ಅಂಚೆ ಕಚೇರಿಯಲ್ಲಿ ಪುಸ್ತಕ ತೆರೆಯುವುದು, ಇವನ್ನೆಲ್ಲ ಮೇಷ್ಟ್ರು ಪಾಠದ ನಡುವೆಯೇ ಹೇಳಿಕೊಡುತ್ತಿದ್ದರಂತೆ. ಕಸುಬು ಹಗಲಿನಲ್ಲಿ, ಅಕ್ಷರ ರಾತ್ರಿಯಲ್ಲಿ, ಹಣದ ಎಚ್ಚರ ಎರಡರ ನಡುವೆ: ಈ ಮೂರೂ ಒಬ್ಬನೇ ಹುಡುಗನಲ್ಲಿ ಕೂಡಿಬಂದವು.

ಅದೇ ಕರಾವಳಿಯ ಇನ್ನೊಂದು ಕೊಡುಗೆ ಪಿಗ್ಮಿ ಠೇವಣಿ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ 1928ರಲ್ಲಿ ಅದನ್ನು ಆರಂಭಿಸಿತು. ಅದರ ಸ್ಥಾಪಕರಲ್ಲೊಬ್ಬರಾದ ಡಾ. ಟಿ.ಎಂ.ಎ. ಪೈ ಅವರು ಕಂಡುಕೊಂಡ ಸತ್ಯ ಸರಳವಾದದ್ದು. ದಿನಗೂಲಿಯವನು ಬ್ಯಾಂಕಿನ ಮೆಟ್ಟಿಲೇರುವುದಿಲ್ಲ. ಆದ್ದರಿಂದ ಬ್ಯಾಂಕೇ ಅವನ ಬಾಗಿಲಿಗೆ ಹೋಗಬೇಕು, ದಿನಕ್ಕೆ ಎರಡಾಣೆಯನ್ನಾದರೂ ಗೌರವದಿಂದ ಪಡೆಯಬೇಕು. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನೊಡನೆ ವಿಲೀನವಾಯಿತು. ಆದರೆ ಉಳಿತಾಯವು ಉಪದೇಶದಿಂದ ಬರುವುದಲ್ಲ, ಅಭ್ಯಾಸದಿಂದ ಬರುವುದು ಎಂಬ ಅದರ ಪಾಠ ಹಳೆಯದಾಗಿಲ್ಲ.

ಸ್ವತಂತ್ರ ಭಾರತದ ಸರ್ಕಾರವೂ ಸುಮ್ಮನೆ ಕುಳಿತಿರಲಿಲ್ಲ. 1950ರಲ್ಲಿ ಕುಶಲಕರ್ಮಿಗಳ ತರಬೇತಿ ಯೋಜನೆ ಬಂತು; ಇಂದಿನ ಐ.ಟಿ.ಐ.ಗಳ ಬೇರು ಅದರಲ್ಲಿದೆ. 1958ರಲ್ಲಿ ಕೇಂದ್ರ ಕಾರ್ಮಿಕ ಶಿಕ್ಷಣ ಮಂಡಳಿ, 1961ರಲ್ಲಿ ಅಪ್ರೆಂಟಿಸ್ ಕಾಯಿದೆ ಬಂದವು. ನಮ್ಮ ನಗರಕ್ಕೆ ವಿಶೇಷವಾಗಿ ಸಲ್ಲಬೇಕಾದ ಕೀರ್ತಿಯೊಂದಿದೆ. ದೇಶದ ಮೊದಲ ಶ್ರಮಿಕ ವಿದ್ಯಾಪೀಠ 1967ರಲ್ಲಿ ಇಲ್ಲಿಯ ವರ್ಲಿಯಲ್ಲಿ ಆರಂಭವಾಯಿತು. ಗಿರಣಿಯ ಕಾರ್ಮಿಕನಿಗೆ ಕಸುಬಿನ ಜೊತೆಗೆ ಆರೋಗ್ಯ, ಕುಟುಂಬ, ಖರ್ಚುವೆಚ್ಚ, ನಾಗರಿಕ ಹಕ್ಕುಗಳನ್ನೂ ಒಟ್ಟಿಗೆ ಕಲಿಸಬೇಕು, ಅವನ ಪಾಳಿಯ ವೇಳೆಗೆ ತರಗತಿ ಹೊಂದಬೇಕು ಎಂಬುದು ಅದರ ಹಿಂದಿದ್ದ ವಿಚಾರ. ಇಂಥ ವಿದ್ಯಾಪೀಠಗಳೇ 2000ದಲ್ಲಿ ಜನಶಿಕ್ಷಣ ಸಂಸ್ಥಾನಗಳೆಂದು ಹೆಸರು ಬದಲಿಸಿಕೊಂಡವು.

ವಿಚಾರ ಸರಿಯಾಗಿತ್ತು, ಅದು ತಲುಪಿದ ಜನ ಕಡಿಮೆ. 1982ರ ಜನವರಿಯಲ್ಲಿ ಡಾ. ದತ್ತಾ ಸಾಮಂತರ ನೇತೃತ್ವದಲ್ಲಿ ಸುಮಾರು 2.5 ಲಕ್ಷ ಗಿರಣಿ ಕಾರ್ಮಿಕರು ಮುಷ್ಕರ ಹೂಡಿದ್ದು, ಆಮೇಲೆ ಗಿರಣಿಗಳು ಒಂದೊಂದಾಗಿ ಮುಚ್ಚಿದ್ದು ನಿಮಗೆ ಗೊತ್ತಿದೆ. ಮಗ್ಗವೊಂದನ್ನೇ ಬಲ್ಲವನಿಗೆ ಮಗ್ಗ ನಿಂತಾಗ ಕೈ ಮುರಿದಂತಾಯಿತು. ಮುಂದೆ 1992ರಲ್ಲಿ, ಉದ್ಯಮಗಳ ಪುನಾರಚನೆಯಿಂದ ಕೆಲಸ ಕಳೆದುಕೊಂಡವರಿಗೆ ಮರುತರಬೇತಿ ನೀಡುವ ಉದ್ದೇಶವನ್ನೂ ಹೊತ್ತು ರಾಷ್ಟ್ರೀಯ ನವೀಕರಣ ನಿಧಿ ಸ್ಥಾಪನೆಯಾಯಿತು. ಅದರ ಹೆಚ್ಚಿನ ಹಣ ಸ್ವಯಂನಿವೃತ್ತಿಯ ಪರಿಹಾರಕ್ಕೇ ಹೋಯಿತು. ತರಬೇತಿ ಹಿಂದೆ ಉಳಿಯಿತು. ಇಡಿಗಂಟು ಪಡೆದ ಕೆಲವು ಮನೆಗಳನ್ನು ನಾನು ಬಲ್ಲೆ. ಸಾಲ ತೀರಿಸಿ, ಮಗಳ ಮದುವೆ ಮಾಡಿ, ಉಳಿದುದನ್ನು ಹೆಚ್ಚಿನ ಬಡ್ಡಿಯ ಆಸೆ ತೋರಿದವರ ಕೈಗೆ ಕೊಟ್ಟು, ಮೂರನೆಯ ವರ್ಷಕ್ಕೆ ಬರಿಗೈಯಾದವರು ಅವರು. ದುಡಿಯಲು ಬಲ್ಲವರು, ದಡ್ಡರಲ್ಲ. ಇಡಿಗಂಟನ್ನು ಹೇಗೆ ಹಿಡಿದಿಡಬೇಕೆಂದು ಅವರಿಗೆ ಯಾರೂ ಒಂದು ದಿನವೂ ಕಲಿಸಿರಲಿಲ್ಲ.

ಈಗ ನನ್ನ ತಪ್ಪಿಗೆ ಬರುತ್ತೇನೆ.

2004ರ ಸುಮಾರಿಗೆ ನಾನು ಭಾನುವಾರಗಳಂದು ಸಂಘದ ಕಚೇರಿಯಲ್ಲಿ ಕುಳಿತು, ಬಂದವರ ಅರ್ಜಿಗಳನ್ನು ತುಂಬಿಕೊಡುತ್ತಿದ್ದೆ. ಪಡಿತರ ಚೀಟಿ, ಪಾಸ್‌ಪೋರ್ಟ್, ಪಿ.ಎಫ್., ಏನು ತಂದರೂ ಸರಿ. ಅದನ್ನು ಸಮಾಜಸೇವೆಯೆಂದು ಭಾವಿಸಿದ್ದೆ, ಸ್ವಲ್ಪ ಹೆಮ್ಮೆಯೂ ಇತ್ತು. ಕುಂದಾಪುರದ ಕಡೆಯ ಹೋಟೆಲ್ ಕಾರ್ಮಿಕರೊಬ್ಬರು ಎಂಟು ವರ್ಷ ದುಡಿದ ಹೋಟೆಲು ಬಿಟ್ಟು ಬೇರೆಡೆ ಸೇರುವವರಿದ್ದರು. ಪಿ.ಎಫ್. ಹಣ ಬೇಕೆಂದರು, ಬರೆದುಕೊಟ್ಟೆ. ಆರು ವರ್ಷದ ಮೇಲೆ, 2010ರಲ್ಲಿ, ಆ ಹೋಟೆಲನ್ನೂ ಬಿಟ್ಟು ಮತ್ತೆ ಬಂದರು, ಮತ್ತೆ ಬರೆದುಕೊಟ್ಟೆ. ಮೂರನೆಯ ಕಡೆ ಒಂಬತ್ತು ವರ್ಷ ದುಡಿದು 2019ರಲ್ಲಿ ಊರಿಗೆ ಹೊರಟಾಗ ಸೈಬರ್ ಅಂಗಡಿಯವನೊಬ್ಬನು ಅದೇ ಕೆಲಸ ಮಾಡಿಕೊಟ್ಟನು.

2023ರಲ್ಲಿ ಅವರು ನನ್ನ ಮನೆಗೆ ಬಂದರು. ವಯಸ್ಸು 58 ತುಂಬಿತ್ತು. ಜೊತೆಯಲ್ಲಿ ದುಡಿದವರೊಬ್ಬರಿಗೆ ತಿಂಗಳು ತಿಂಗಳು ಪಿಂಚಣಿ ಬರುತ್ತಿದೆ, ನನಗೇಕೆ ಇಲ್ಲ ಎಂಬುದು ಅವರ ಪ್ರಶ್ನೆ. ಪ್ಲಾಸ್ಟಿಕ್ ಚೀಲದಿಂದ ಹಳೆಯ ಜೆರಾಕ್ಸ್ ಪ್ರತಿಗಳನ್ನು ತೆಗೆದು ಮೇಜಿನ ಮೇಲೆ ಇಟ್ಟರು. ಎರಡರಲ್ಲಿದ್ದುದು ನನ್ನ ಕೈಬರಹ.

1995ರ ನವೆಂಬರ್‌ನಲ್ಲಿ ಜಾರಿಗೆ ಬಂದ ನೌಕರರ ಪಿಂಚಣಿ ಯೋಜನೆಯ ಪ್ರಕಾರ ಮಾಸಿಕ ಪಿಂಚಣಿಗೆ 10 ವರ್ಷಗಳ ಸೇವೆ ಬೇಕು. ಅದಕ್ಕೆ ಮುಂಚೆ ಕೆಲಸ ಬಿಟ್ಟವನಿಗೆ ಎರಡು ದಾರಿಗಳಿದ್ದವು. ಪಿಂಚಣಿಯ ಪಾಲನ್ನು ಹಿಂಪಡೆಯಬಹುದು. ಅಥವಾ ಯೋಜನಾ ಪ್ರಮಾಣಪತ್ರವೊಂದನ್ನು ಪಡೆದು ಆ ಸೇವೆಯನ್ನು ಮುಂದಿನ ಕೆಲಸದ ಸೇವೆಗೆ ಕೂಡಿಸಿಕೊಳ್ಳಬಹುದು. ಎರಡಕ್ಕೂ ಇದ್ದುದು 10-ಸಿ ಎಂಬ ಒಂದೇ ನಮೂನೆ. ಯಾವುದು ಬೇಕೆಂದು ಗುರುತಿಸುವ ಜಾಗ ಅದರಲ್ಲೇ ಇತ್ತು. ಎಂಟು, ಆರು, ಒಂಬತ್ತು; ಒಟ್ಟು 23 ವರ್ಷಗಳ ದುಡಿಮೆ. ಮೂರು ತುಂಡಾದುದರಿಂದ ಯಾವ ತುಂಡೂ ಹತ್ತನ್ನು ಮುಟ್ಟಲಿಲ್ಲ. ಪಿಂಚಣಿ ದೊಡ್ಡ ಮೊತ್ತವೇನೂ ಆಗುತ್ತಿರಲಿಲ್ಲ. ಆದರೆ ಅಕ್ಕಿಗೆ, ಔಷಧಿಗೆ ಆಗುತ್ತಿತ್ತು, ಬದುಕಿರುವವರೆಗೂ ಬರುತ್ತಿತ್ತು, ಅವರ ಕಾಲಾನಂತರ ಒಂದು ಪಾಲು ಹೆಂಡತಿಗೆ ಸಲ್ಲುತ್ತಿತ್ತು.

ಭವಿಷ್ಯನಿಧಿ ನನ್ನ ವಿಭಾಗದ ವಿಷಯವಾಗಿರಲಿಲ್ಲ ಎಂದು ನಾನು ಸಮಾಧಾನ ಹೇಳಿಕೊಳ್ಳಬಹುದು. ಅದು ಬರಿಯ ನೆಪ. ನಮೂನೆಯ ತಲೆಯ ಮೇಲೇ ಎರಡೂ ದಾರಿಗಳ ಹೆಸರು ಮುದ್ರಿತವಾಗಿತ್ತು. ಸ್ನಾತಕೋತ್ತರ ಪದವೀಧರನಾದ ನಾನು ಅವರ ಪರವಾಗಿ ಬರೆದೆ. ಅವರೊಡನೆ ಕುಳಿತು ಓದಲಿಲ್ಲ. "ಅವತ್ತು ನೀವೇ ಬರ್ದುಕೊಟ್ಟದ್ದಲ್ವಾ ಸಾರ್" ಎಂದರು ಅವರು. ದೂರುವ ದನಿಯಾಗಿರಲಿಲ್ಲ, ನಂಬಿಕೆಯ ದನಿಯಾಗಿತ್ತು. ಅದನ್ನು ಕೇಳಿ ನನಗೆ ಕುಳಿತಲ್ಲಿ ಕುಳಿತಿರಲಾಗಲಿಲ್ಲ.

ಬಂಧುಗಳೇ, ನಮ್ಮ ತರಬೇತಿ ಯೋಜನೆಗಳ ಕೊರತೆಯೂ ಇದೇ ಜಾತಿಯದು. 2014ರ ಜನಧನ ಯೋಜನೆಯಿಂದ ಕೋಟ್ಯಂತರ ಖಾತೆಗಳು ತೆರೆದವು, ಒಳ್ಳೆಯದೇ ಆಯಿತು. 2015ರಲ್ಲಿ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆ ಬಂತು. ಯುವಕರ ಕೈಗೆ ಪ್ರಮಾಣಪತ್ರಗಳು ಬಂದವು. ಆದರೆ ಖಾತೆ ತೆರೆದ ಮಾತ್ರಕ್ಕೆ ಲೆಕ್ಕ ಬರುವುದಿಲ್ಲ, ಪ್ರಮಾಣಪತ್ರ ಸಿಕ್ಕ ಮಾತ್ರಕ್ಕೆ ಕಸುಬು ಕೈಗೂಡುವುದಿಲ್ಲ. ಕಲಿತವನ ಜೊತೆಯಲ್ಲಿ ಯಾರಾದರೂ ಕೆಲವು ಕಾಲ ನಡೆಯಬೇಕು. ಇದನ್ನು ಮಾಡಿ ತೋರಿಸಿದ ಉದಾಹರಣೆ ನಮ್ಮ ನಾಡಿನಲ್ಲೇ ಇದೆ. 1982ರಲ್ಲಿ ಉಜಿರೆಯಲ್ಲಿ, ಡಾ. ವೀರೇಂದ್ರ ಹೆಗ್ಗಡೆಯವರ ಮುಂದಾಳತ್ವದಲ್ಲಿ, ಧರ್ಮಸ್ಥಳದ ಶಿಕ್ಷಣ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಕೂಡಿ ರುಡ್‌ಸೆಟ್ ಸಂಸ್ಥೆಯನ್ನು ಆರಂಭಿಸಿದವು. ನಿರುದ್ಯೋಗಿ ಯುವಕರಿಗೆ ಉಚಿತವಾಗಿ ಊಟ, ವಸತಿ, ಅಲ್ಪಾವಧಿಯ ತರಬೇತಿ. ಆಮೇಲೆ ಬ್ಯಾಂಕಿನ ಸಾಲಕ್ಕೆ ನೆರವು. ಅಂಗಡಿಯೋ ಗ್ಯಾರೇಜೋ ನೆಲೆಗೊಳ್ಳುವವರೆಗೆ ವಿಚಾರಣೆ. ಕೇಂದ್ರದ ಗ್ರಾಮೀಣಾಭಿವೃದ್ಧಿ ಇಲಾಖೆ ಇದನ್ನೇ ಮಾದರಿಯಾಗಿಟ್ಟುಕೊಂಡು ಜಿಲ್ಲೆಗೊಂದರಂತೆ ಇಂಥ ಸಂಸ್ಥೆಗಳನ್ನು ತೆರೆಯಲು ಮುಂದಾಯಿತು. ಕಲಿಸುವವನೂ ಹಣ ಕೊಡುವವನೂ ಒಂದೇ ಸೂರಿನಡಿ ಇದ್ದುದೇ ಅದರ ಬಲ.

ನಾವು ಅಷ್ಟು ದೊಡ್ಡದನ್ನು ಮಾಡಲಾರೆವು. ಆದರೆ ಭಾನುವಾರ ಎರಡು ಗಂಟೆ, ಒಂದು ಕೋಣೆ, ಒಂದು ಹಲಗೆ ನಮ್ಮಲ್ಲಿವೆ. ಆರು ಭಾನುವಾರಗಳ ಪಾಠವನ್ನು ನಾನು ಸೂಚಿಸುತ್ತೇನೆ. ಸಂಬಳದ ಚೀಟಿ ಓದುವುದು, ಪಿ.ಎಫ್. ಖಾತೆಯನ್ನು ತಾನೇ ತೆರೆದು ನೋಡುವುದು, ಕೆಲಸ ಬದಲಿಸಿದಾಗ ಅದನ್ನು ವರ್ಗಾಯಿಸುವುದು; ಬಡ್ಡಿಯ ಲೆಕ್ಕ, ಸಾಲದ ಕಾಗದ; ಫೋನಿನಲ್ಲಿ ಹಣ ಕಳಿಸುವಾಗಿನ ಎಚ್ಚರ; ವಿಮೆ ಮತ್ತು ನಾಮನಿರ್ದೇಶನ; ಕೊನೆಯದಾಗಿ, ತನ್ನ ಕಸುಬಿಗೆ ಮಾನ್ಯತೆಯ ಪತ್ರ ಪಡೆಯುವ ಬಗೆ. ಪಾಠ ಕನ್ನಡದಲ್ಲಿರಲಿ. ಹೋಟೆಲಿನ ಹುಡುಗರಷ್ಟೇ ಅಲ್ಲ. ಕಲಬುರಗಿ, ವಿಜಯಪುರ, ಯಾದಗಿರಿಗಳಿಂದ ಬಂದು ಇಲ್ಲಿ ಕಟ್ಟಡ ಕಟ್ಟುವ ಗಂಡಸರೂ ಹೆಂಗಸರೂ ನಮ್ಮವರೇ. ಅವರು ನಮ್ಮ ರಾಜ್ಯೋತ್ಸವಕ್ಕೆ ಬರುವುದಿಲ್ಲ ಎಂದು ದೂರುತ್ತೇವೆ. 1996ರ ಕಾನೂನಿನಿಂದ ಹುಟ್ಟಿದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸುವ ಕ್ರಮವನ್ನು ಅವರ ಭಾಷೆಯಲ್ಲಿ ಹೇಳಿಕೊಡುವ ಜಾಗ ಇದಾದರೆ, ಅವರು ಖಂಡಿತ ಬರುತ್ತಾರೆ.

ಇದು ಸಂಘದ ಕೆಲಸವೇ ಎಂದು ಕೇಳುವವರಿದ್ದಾರೆ. ರಾತ್ರಿ ಶಾಲೆ ಕಟ್ಟಿದ ಹಿರಿಯರನ್ನೂ ಅಂದು ಹೀಗೆ ಕೇಳಿದವರಿದ್ದಿರಬೇಕು. ಅವರು ಉತ್ತರ ಕೊಡುತ್ತ ಕೂರದೆ ದೀಪ ಹಚ್ಚಿ ಪಾಠ ಆರಂಭಿಸಿದರು.

ನನ್ನ ಪಾಲಿಗೆ ಬರುವ ಭಾನುವಾರದಿಂದ ನಾನು ಮತ್ತೆ ಸಂಘದ ಕಚೇರಿಯಲ್ಲಿರುತ್ತೇನೆ. ಅರ್ಜಿ ತಂದವರಿಗೆ ಬರೆದುಕೊಡುವುದಿಲ್ಲ. ಪೆನ್ನನ್ನು ಅವರ ಕೈಗೇ ಕೊಟ್ಟು, ಪಕ್ಕದಲ್ಲಿ ಕುಳಿತು, ಸಾಲು ಸಾಲಾಗಿ ಓದಿಸುತ್ತೇನೆ. ತಡವಾಗುತ್ತದೆ, ಆಗಲಿ. ಜೊತೆಗೂಡುವವರು ದಯವಿಟ್ಟು ಹೆಸರು ಕೊಡಿ.