ಸೋಟೇರ್ ಎಂಬ ಬಿರುದು

ನಮ್ಮ ಶಾಸನಗಳಲ್ಲಿ ರಾಜನ ಹೆಸರಿಗಿಂತ ಬಿರುದಾವಳಿಯೇ ಉದ್ದವಾಗಿರುವುದನ್ನು ನೀವು ಕಂಡಿರಬಹುದು. ಪ್ರಾಚೀನ ಗ್ರೀಕರಿಗೆ ಬಹು ಪೂಜ್ಯವಾಗಿದ್ದ ಒಂದು ಬಿರುದು ‘ಸೋಟೇರ್’; ಎಂದರೆ ಕಾಪಾಡುವವನು. ಮೊದಲು ಅದು ದೇವರಿಗೆ ಸಂದ ಮಾತು. ಔತಣಗಳಲ್ಲಿ ಮೂರನೆಯ ಬಟ್ಟಲಿನ ದ್ರಾಕ್ಷಾರಸವನ್ನು ಸೋಟೇರನಾದ ಜ್ಯೂಸ್ ದೇವನಿಗೆ ಎರೆಯುತ್ತಿದ್ದರು.

ಬರಬರುತ್ತ ಬಿರುದು ಮನುಷ್ಯರಿಗೂ ಇಳಿಯಿತು. ಕ್ರಿ. ಪೂ. 305ರಲ್ಲಿ ದೆಮೆತ್ರಿಯಸ್ ರೋಡ್ಸ್ ನಗರಕ್ಕೆ ಮುತ್ತಿಗೆ ಹಾಕಿದಾಗ ಈಜಿಪ್ಟಿನ ಟಾಲೆಮಿ ಧಾನ್ಯ ಕಳುಹಿಸಿದನು. ರೋಡ್ಸಿನ ಜನರೇ ಅವನಿಗೆ ಈ ಹೆಸರಿಟ್ಟರೆಂದು ಪೌಸಾನಿಯಸ್ ಬರೆದಿದ್ದಾನೆ. ಮುತ್ತಿಗೆಯಲ್ಲಿ ಸಿಕ್ಕವರು ಕೊಟ್ಟ ಬಿರುದು, ಅದಕ್ಕೆ ತೂಕವಿತ್ತು.

ಆದರೆ ಸಿಸಿಲಿಯನ್ನು ಸುಲಿದ ರೋಮನ್ ಅಧಿಕಾರಿ ವೆರೆಸನಿಗೂ ಸಿರಕ್ಯೂಸಿನಲ್ಲಿ ಇದೇ ಬಿರುದನ್ನು ಕೆತ್ತಿಸಲಾಗಿತ್ತು! ಕ್ರಿ. ಪೂ. 70ರಲ್ಲಿ ಅವನ ಮೇಲೆ ಮೊಕದ್ದಮೆ ಹೂಡಿದ ಸಿಸೆರೋಗೆ ಇದು ತಡೆಯಲಾಗಲಿಲ್ಲ. ಲ್ಯಾಟಿನಿನ ಒಂದು ಪದಕ್ಕೆ ನಿಲುಕದಷ್ಟು ದೊಡ್ಡ ಮಾತು ಅದು ಎಂದು ಅವನ ಆಕ್ಷೇಪ.

ಲ್ಯಾಟಿನಿಗೆ ನಿಲುಕದ್ದು ನಮ್ಮ ದೇಶದಲ್ಲಿ ಸುಲಭವಾಗಿ ಒದಗಿತ್ತು. ಯವನರಾಜ ಮಿನಾಂಡರನ ನಾಣ್ಯಗಳಲ್ಲಿ ಒಂದು ಬದಿಗೆ ಗ್ರೀಕಿನ ಸೋಟೇರ್, ಇನ್ನೊಂದು ಬದಿಗೆ ಖರೋಷ್ಠಿ ಲಿಪಿಯಲ್ಲಿ ‘ತ್ರತರ’. ಸಂಕಟದಲ್ಲಿ ನಾವು ‘ತ್ರಾಹಿ’ ಎನ್ನುತ್ತೇವಲ್ಲ, ಅದೇ ಧಾತು.

ವಿದಿಶೆಯ ಬಳಿ ಬೆಸನಗರದಲ್ಲಿ ಒಂದು ಗರುಡಗಂಬವಿದೆ. ತಕ್ಷಶಿಲೆಯಿಂದ ಬಂದ ಯವನ ರಾಯಭಾರಿ ಹೆಲಿಯೊದೋರಸ್ ವಾಸುದೇವನಿಗಾಗಿ ನಿಲ್ಲಿಸಿದ್ದು. ಅದರ ಬ್ರಾಹ್ಮೀ ಬರಹದಲ್ಲಿ ತ್ರಾತಾರನೆಂಬ ಗೌರವ ಸಂದಿರುವುದು ಅವನನ್ನು ಕಳುಹಿಸಿದ ಯವನರಾಜನಿಗಲ್ಲ, ಇಲ್ಲಿಯ ದೊರೆ ಭಾಗಭದ್ರನಿಗೆ. ಯಾವ ಆಪತ್ತಿನಿಂದ ಯಾರನ್ನು ಕಾಪಾಡಿದನೆಂಬುದನ್ನು ಮಾತ್ರ ಕಂಬ ಹೇಳುವುದಿಲ್ಲ.