ಮಗನನ್ನು ಕೇಳಿದವರು ಯಾರು?

ಯೆಹೂದಿ, ಕ್ರೈಸ್ತ, ಇಸ್ಲಾಂ ಮತಗಳ ತೌಲನಿಕ ವಿವೇಚನೆ ಎಂದು ಆಹ್ವಾನ ಪತ್ರಿಕೆಯಲ್ಲಿ ಅಚ್ಚಾಗಿದೆ. ಒಂದು ಗಂಟೆಯಲ್ಲಿ ಅದು ಆಗುವ ಮಾತಲ್ಲ. ಮೂವರಿಗೂ ದೇವರು ಒಬ್ಬನೇ, ಮೂವರಿಗೂ ಅಬ್ರಹಾಮ ಹಿರಿಯ. ಯೆಹೂದ್ಯರಿಗೆ ತೋರಾ ಬುಡ. ಕ್ರೈಸ್ತರು ಅದನ್ನು ಹಳೆ ಒಡಂಬಡಿಕೆಯಲ್ಲಿ ಇಟ್ಟುಕೊಂಡು, ಯೇಸುವಿನಲ್ಲಿ ಅದು ನೆರವೇರಿತು ಎಂದರು. ಮುಸ್ಲಿಮರು ಯೇಸುವನ್ನು ಪ್ರವಾದಿಯೆಂದು ಒಪ್ಪಿದರು, ದೇವರ ಮಗನೆಂದು ಒಪ್ಪಲಿಲ್ಲ; ಕುರ್‌ಆನೇ ಅವರಿಗೆ ಕೊನೆಯ ಮಾತು. ಪೀಠಿಕೆ ಇಷ್ಟು ಸಾಕು. ನನ್ನ ತಲೆ ತಿನ್ನುತ್ತಿರುವುದು ಒಂದು ಕಥೆ, ಅದರೊಳಗಿನ ಒಬ್ಬ ಹುಡುಗ.

ಆದಿಕಾಂಡದ 22ನೇ ಅಧ್ಯಾಯ ನಿಮಗೆ ಗೊತ್ತಿದ್ದದ್ದೇ. ಮಗನನ್ನು ಬಲಿ ಕೊಡು ಎಂದು ಅಪ್ಪಣೆಯಾಗುತ್ತದೆ. ಅಬ್ರಹಾಮ ಬೆಳಗ್ಗೆ ಎದ್ದು ಕತ್ತೆಗೆ ತಡಿ ಬಿಗಿದು, ಸೌದೆ ಒಡೆದುಕೊಂಡು ಹೊರಡುತ್ತಾನೆ. ಮೂರನೇ ದಿನ ಬೆಟ್ಟ ಕಾಣುತ್ತದೆ. ಸೌದೆ ಮಗನ ಮೇಲೆ. ಬೆಂಕಿ, ಕತ್ತಿ ಅಪ್ಪನ ಕೈಯಲ್ಲಿ. ಕುರಿ ಎಲ್ಲಿ ಎಂದು ಹುಡುಗ ಕೇಳುತ್ತಾನೆ. ದೇವರೇ ಒದಗಿಸುತ್ತಾನೆ ಎಂದು ಅಪ್ಪ ಹೇಳಿದ ಮೇಲೆ ಹುಡುಗನಿಗೆ ಒಂದೂ ಮಾತಿಲ್ಲ. ದೇವದೂತ ತಡೆದ, ಟಗರು ಬಲಿಯಾಯಿತು. ಅಬ್ರಹಾಮ ಆಳುಗಳ ಬಳಿಗೆ ಹಿಂತಿರುಗಿದ ಎಂದಿದೆ. ಇಸಾಕನ ಹೆಸರು ಅಲ್ಲಿಲ್ಲ!

ಪಂಡಿತರ ಜಗಳವೆಲ್ಲ ಯಾವ ಮಗ ಎಂಬುದರ ಮೇಲೆ. ಕುರ್‌ಆನಿನ 37ನೇ ಅಧ್ಯಾಯ ಹೆಸರು ಹೇಳುವುದಿಲ್ಲ. 923ರಲ್ಲಿ ತೀರಿಕೊಂಡ ವ್ಯಾಖ್ಯಾನಕಾರ ತಬರಿ, ಅವನು ಇಸ್‌ಹಾಕ್, ಅಂದರೆ ಇಸಾಕ, ಎಂದು ವಾದಿಸಿದ. 1373ರಲ್ಲಿ ತೀರಿಕೊಂಡ ಇಬ್ನ್ ಕಸೀರ್, ಇಸ್ಮಾಯೀಲ್ ಎಂದ: ಬಲಿಯ ಪ್ರಸಂಗ ಮುಗಿದ ಮೇಲಲ್ಲವೇ ಇಸ್‌ಹಾಕ್ ಹುಟ್ಟುವ ಶುಭವಾರ್ತೆ ಬರುವುದು? ಇಂದು ಬಹುಪಾಲು ಮುಸ್ಲಿಮರ ನಂಬಿಕೆಯೂ ಅದೇ. ಬೈಬಲ್ಲಿನಲ್ಲೂ ತೊಡಕಿದೆ. ನಿನ್ನ ಒಬ್ಬನೇ ಮಗ ಎಂದು ದೇವರು ಹೇಳುವಾಗ, ಹದಿನಾಲ್ಕು ವರ್ಷ ದೊಡ್ಡವನಾದ ಇಷ್ಮಾಯೇಲ ಎಲ್ಲಿಗೆ ಹೋದ? ಇರಲಿ, ಇದನ್ನು ಅವರವರಿಗೇ ಬಿಡೋಣ. ನನ್ನ ಪ್ರಶ್ನೆ ಬೇರೆ.

ನಮ್ಮ ಹಳಗನ್ನಡದ ಮೇಷ್ಟ್ರು ಸಿರಿಯಾಳನ ಕಥೆ ಪಾಠ ಮಾಡುತ್ತಿದ್ದರು. ಜಂಗಮನಾಗಿ ಬಂದ ಶಿವ ಮಗನ ಮಾಂಸವನ್ನೇ ಕೇಳುತ್ತಾನಲ್ಲ, ಅಲ್ಲಿಗೆ ಬಂದಾಗ ಮೇಷ್ಟ್ರು ಪುಸ್ತಕ ಮಡಚಿ ಮೂಗಿನ ಮೇಲಿನ ಕನ್ನಡಕ ತೆಗೆದರು. ‘ಅಪ್ಪ ಭಕ್ತ, ಸರಿ. ಅಮ್ಮನೂ ಭಕ್ತೆ. ಮಗನನ್ನು ಕೇಳಿದವರು ಯಾರ್ರಯ್ಯಾ?’ ಹಿಂದಿನ ಬೆಂಚಿನಿಂದ ನನ್ನ ಮುಸ್ಲಿಂ ಸಹಪಾಠಿ ಎದ್ದು, ‘ನಮ್ಮ ಕಥೇಲಿ ಕೇಳ್ತಾರೆ ಸಾರ್’ ಎಂದ. ಮೇಷ್ಟ್ರು ಅವತ್ತು ಪಾಠ ಮುಂದುವರಿಸಲಿಲ್ಲ, ಅವನ ಕೈಲಿ ಕಥೆ ಹೇಳಿಸಿದರು.

ಅವನು ಹೇಳಿದ್ದು ನಿಜ. ಇಬ್ರಾಹೀಮ್ ತಾನು ಕಂಡ ಕನಸನ್ನು ಮಗನ ಮುಂದಿಟ್ಟು, ನಿನಗೇನನ್ನಿಸುತ್ತದೆ ಎಂದು ಕೇಳುತ್ತಾನೆ. ಆಜ್ಞೆಯಾದಂತೆ ನಡೆಸು, ನಾನು ತಾಳಿಕೊಳ್ಳುತ್ತೇನೆ ಎಂಬರ್ಥದ ಉತ್ತರ ಮಗನದು.

ಯೆಹೂದಿ ರಬ್ಬಿಗಳಿಗೂ ಆದಿಕಾಂಡದ ಆ ಹುಡುಗನ ಮೌನ ಸಹಿಸಲಾಗಲಿಲ್ಲ. ತಾಯಿ ಸಾರಾ ಅವನನ್ನು ಹೆತ್ತಾಗ 90, ಸತ್ತಾಗ 127. ಅವಳು ಸತ್ತದ್ದು ಈ ಬಲಿಯ ಸುದ್ದಿ ಕೇಳಿಯೇ, ಹಾಗಾಗಿ ಇಸಾಕನಿಗೆ ಆಗ 37 ಎಂದು ಲೆಕ್ಕ ಹಾಕಿದರು. ಅಷ್ಟು ಬಲಿತ ಗಂಡಸನ್ನು ಮುದುಕ ಕಟ್ಟಿಹಾಕಬೇಕಾದರೆ ಅವನೇ ಒಪ್ಪಿರಬೇಕು. ಅದುರಿ ಬಲಿ ಕೆಟ್ಟೀತು, ಬಿಗಿಯಾಗಿ ಕಟ್ಟು ಎಂದು ತಾನೇ ಕೇಳಿಕೊಂಡನಂತೆ! ಕ್ರೈಸ್ತರು ಸೌದೆ ಹೊತ್ತ ಇಸಾಕನಲ್ಲಿ ಶಿಲುಬೆ ಹೊತ್ತ ಯೇಸುವನ್ನು ಕಂಡರು. ಅಲ್ಲಿ ಒಪ್ಪಿಗೆಯ ಮಾತನ್ನು ಗೆತ್ಸೆಮನೆ ತೋಟದಲ್ಲಿ ಯೇಸುವೇ ಆಡುತ್ತಾನೆ, ಅದೂ ಸಂಕಟಪಟ್ಟು.

ಇದಕ್ಕೆಲ್ಲ ತಲೆಯಾಡಿಸದ ಒಬ್ಬನಿದ್ದ, 12ನೇ ಶತಮಾನದ ಸ್ಪೇನಿನ ಯೆಹೂದಿ ವ್ಯಾಖ್ಯಾನಕಾರ ಇಬ್ನ್ ಎಜ್ರಾ. ಮಗ ಒಪ್ಪಿದ್ದರೆ ಗ್ರಂಥ ಅವನನ್ನು ಹೊಗಳದೆ ಬಿಡುತ್ತಿತ್ತೇ? ಹುಡುಗನಿಗೆ ಹದಿಮೂರರ ಆಸುಪಾಸು, ಅಪ್ಪ ಬಲವಂತವಾಗಿ ಕಟ್ಟಿದ ಎಂಬುದು ಅವನ ವಾದ. ನನ್ನ ಒಲವು ಬಹುಕಾಲ ಇವನ ಕಡೆಗೇ ಇತ್ತು.

ಈಗ ಅಷ್ಟು ಖಚಿತವಾಗಿ ಹೇಳಲಾರೆ. ದೇವರ ಅಪ್ಪಣೆ ಎಂದು ಹೇಳಿಯೇ ಕೇಳಿದಾಗ, ಬೇಡ ಎನ್ನಲು ಮಗನಿಗೆ ಎಷ್ಟು ಜಾಗವಿತ್ತು? ಹಾಗೆಂದು ಕೇಳದ ಅಪ್ಪನ ಕಥೆಯೇ ಹೆಚ್ಚು ಪ್ರಾಮಾಣಿಕ ಎಂದರೆ, ಕೇಳಿದ ಅಪ್ಪನನ್ನು ಕೆಳಗಿಟ್ಟಂತಾಗುವುದಿಲ್ಲವೇ? ಸಿರಿಯಾಳನ ಹೆಂಡತಿ ಚಂಗಳೆಯಾದರೂ ಗಂಡನ ಪಕ್ಕದಲ್ಲಿ ನಿಂತಿದ್ದಳು. ಸಾರಾಳಿಗೆ ಒಂದು ಮಾತು ಹೇಳಿ ಹೊರಟಿದ್ದರೆ ಕತ್ತೆಯ ತಡಿ ಬಿಚ್ಚಿಸುತ್ತಿದ್ದಳೇ? ನಿಮ್ಮಲ್ಲಿ ಯಾರಿಗಾದರೂ ದಾರಿ ಕಂಡಿದ್ದರೆ ಪ್ರಶ್ನೋತ್ತರದಲ್ಲಿ ಹೇಳಿ.